ಮಾಷ್ಟ್ರಿಗೊಂದು ಪ್ರಶ್ನೆ: ಕಲ್ಲಿನ ವಯಸ್ಸು, ಅಂಜೂರದ ಪಟ್ಟು, ಅಮ್ಮನ ಸೌದೆ

ಮಂಗಳೂರಿನ ನಮ್ಮ ಜೆಪ್ಪುವಿನಲ್ಲಿ ಈ ಸಲ ಮಳೆ ಬಿಡುವು ಕೊಡಲೇ ಇಲ್ಲ. ಅಂಚೆಯಣ್ಣ ತಂದ ಕವರುಗಳಲ್ಲಿ ಎರಡು ನೆನೆದು ಶಾಯಿ ಹರಡಿತ್ತು. ಭೂತಗನ್ನಡಿ ಹಿಡಿದು ಓದಿದೆ. ಹಿಂದಿನ ತಿಂಗಳು ಒಂದು ಉತ್ತರದ ನಡುವೆ ಸುಮ್ನೆ ಒಂದು ಸಾಲು ಬರೆದಿದ್ದೆ. ನಾನು ಮೂವತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವನು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನೂ ಹೌದು ಅಂತ. ಅದು ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಯಿತು. ಇಷ್ಟು ದಿನ ಗ್ರಹಣದ ಬಗ್ಗೆ, ಇನ್ವರ್ಟರ್ ಬ್ಯಾಟರಿ ಬಗ್ಗೆ ಕೇಳುತ್ತಿದ್ದವರೆಲ್ಲ ಈಗ ದೇವರ ಬಗ್ಗೆ ಕೇಳಿದ್ದಾರೆ. ನಾನು ಪಾದ್ರಿಯಲ್ಲ. ಬ್ಯಾಟರಿ ಬಗ್ಗೆ ಹೇಳಿದ ಹಾಗೆಯೇ, ಗೊತ್ತಿದ್ದಷ್ಟು ಹೇಳುತ್ತೇನೆ.

ಪ್ರಶ್ನೆ: ನನ್ನ ಮಗ ಒಂಬತ್ತನೇ ಕ್ಲಾಸು. ಫೆಬ್ರವರಿಯಲ್ಲಿ ಶಾಲೆಯಿಂದ ಮಲ್ಪೆಯ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದ. ಅಲ್ಲಿನ ಕಲ್ಲಿಗೆ ಸುಮಾರು 8.8 ಕೋಟಿ ವರ್ಷ ಎಂದು ಟೀಚರ್ ಹೇಳಿದರಂತೆ. ನಮ್ಮ ಸಂಡೇ ಸ್ಕೂಲಿನಲ್ಲಿ ಭೂಮಿಗೆ ಆರು ಸಾವಿರ ವರ್ಷ ಎಂದು ಕಲಿಸುತ್ತಾರೆ. ಇವನು ಎದ್ದು ನಿಂತು ಕೇಳಿದ್ದಾನೆ. ‘ದೇವರ ವಾಕ್ಯಕ್ಕೇ ಎದುರು ಮಾತಾಡ್ತೀಯಾ’ ಎಂದು ಗದರಿಸಿ ಕೂರಿಸಿದರು. ಈಗ ಸಂಡೇ ಸ್ಕೂಲಿಗೆ ಹೋಗುವುದೇ ಇಲ್ಲ ಎಂದು ಹಟ ಹಿಡಿದಿದ್ದಾನೆ. ಯಾರು ಸರಿ?
– ಒಬ್ಬ ತಾಯಿ, ಉದ್ಯಾವರ

ಉತ್ತರ: ಅಮ್ಮಾ, ಕಲ್ಲು ಸರಿ. ನಿಮ್ಮ ಮಗನೂ ಸರಿ.

ಆ ದ್ವೀಪದ ಕಂಬಗಳನ್ನು ನೀವೂ ನೋಡಿರಬಹುದು. ಐದು ಮೂಲೆ, ಆರು ಮೂಲೆ, ಯಾರೋ ಉಳಿ ಹಿಡಿದು ಕೆತ್ತಿ ನಿಲ್ಲಿಸಿದ ಹಾಗೆ. ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರುಕು ಬಿಡುತ್ತದಲ್ಲ, ಅದೇ ಕೆಲಸ ಇಲ್ಲಿ ಲಾವಾದಲ್ಲಿ ಆಗಿದೆ. ಕುದಿಯುವ ಲಾವಾ ತಣ್ಣಗಾಗುತ್ತಾ ಕುಗ್ಗಿತು. ಕುಗ್ಗುವಾಗ ಬಿರಿಯಿತು. ಬಿರುಕು ಮೇಲಿನಿಂದ ಕೆಳಗೆ ಇಳಿದು ಕಂಬವಾಯಿತು. ಆಗ ಮಡಗಾಸ್ಕರ್ ನಮ್ಮ ಈ ಕರಾವಳಿಗೆ ಅಂಟಿಕೊಂಡಿತ್ತು. ಅದು ಬೇರೆಯಾಗುವ ಗದ್ದಲದಲ್ಲಿ ಉಕ್ಕಿದ ಲಾವಾ ಇದು.

ವಯಸ್ಸು ಹೇಗೆ ಗೊತ್ತಾಯಿತು ಎಂದು ಮಗ ಕೇಳಿಯೇ ಕೇಳುತ್ತಾನೆ. ಹೀಗೆ ಹೇಳಿ. ಕಲ್ಲಿನೊಳಗೆ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ಒಂದು ಜಾತಿಯದ್ದು ತನ್ನಷ್ಟಕ್ಕೇ ನಿಧಾನವಾಗಿ ಬೇರೆ ಧಾತುಗಳಾಗುತ್ತಾ ಹೋಗುತ್ತದೆ, ಅದರಲ್ಲಿ ಒಂದು ಪಾಲು ಆರ್ಗಾನ್ ಅನಿಲ. ಆ ಜಾತಿಯ ಪೊಟ್ಯಾಸಿಯಂ ಅರ್ಧ ಖಾಲಿಯಾಗಲು 125 ಕೋಟಿ ವರ್ಷ ಬೇಕು, ಅಷ್ಟು ನಿಧಾನ. ಲಾವಾ ಕುದಿಯುತ್ತಿರುವಾಗ ಆರ್ಗಾನ್ ಹಾರಿ ಹೋಗುತ್ತದೆ. ಕಲ್ಲು ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಬೀಳುತ್ತದೆ. ಎಷ್ಟು ಸಿಕ್ಕಿಬಿದ್ದಿದೆ ಎಂದು ಅಳೆದರೆ ಕಲ್ಲು ಗಟ್ಟಿಯಾಗಿ ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಬೇರೆ ಬೇರೆಯವರು ಬೇರೆ ಬೇರೆ ರೀತಿಯಲ್ಲಿ ಅಳೆದಾಗ ಎಂಟೂವರೆ ಕೋಟಿಯಿಂದ ಒಂಬತ್ತು ಕೋಟಿ ಚಿಲ್ಲರೆಯವರೆಗೆ ಬಂದಿದೆ. ಟೀಚರ್ ‘ಸುಮಾರು’ ಎಂದರಲ್ಲ, ಆ ಪದವನ್ನು ಮರೆಯಬೇಡಿ. ಆರು ಸಾವಿರ ಎಂದವರು ‘ಸುಮಾರು’ ಎಂದಿರಲಿಲ್ಲ ಅಲ್ವಾ?

ಈ ಆರು ಸಾವಿರ ಎಲ್ಲಿಂದ ಬಂತು? ಬೈಬಲಿನಲ್ಲಿ ಆ ಸಂಖ್ಯೆ ಎಲ್ಲಿಯೂ ಇಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ಬೈಬಲಿನ ವಂಶಾವಳಿಗಳನ್ನು ಕೂಡಿಸಿ, ರಾಜರ ಆಳ್ವಿಕೆಗಳನ್ನು ಹೊಂದಿಸಿ, ಸೃಷ್ಟಿ ಆದದ್ದು ಕ್ರಿಸ್ತಪೂರ್ವ 4004ರ ಅಕ್ಟೋಬರಿನಲ್ಲಿ ಎಂದು ಲೆಕ್ಕ ಹಾಕಿದರು. ಅವರನ್ನು ನಗಬೇಡಿ. ಆ ಕಾಲಕ್ಕೆ ಕೈಗೆ ಸಿಕ್ಕ ಎಲ್ಲ ಪುಸ್ತಕ ಓದಿ ಮಾಡಿದ ಲೆಕ್ಕ ಅದು. ತಪ್ಪಾದದ್ದು ಆಮೇಲೆ. ಇಂಗ್ಲಿಷ್ ಬೈಬಲುಗಳ ಅಂಚಿನಲ್ಲಿ ಈ ಇಸವಿಗಳನ್ನು ಅಚ್ಚು ಹಾಕತೊಡಗಿದರು. ಓದುವವರಿಗೆ ಅಂಚು ಯಾವುದು, ವಾಕ್ಯ ಯಾವುದು ಎಂಬ ಭೇದವೇ ಹೋಯಿತು. ನಿಮ್ಮ ಮಗ ಎದುರು ಮಾತಾಡಿದ್ದು ಅಂಚಿಗೆ.

ಇನ್ನೊಂದು ವಿಷಯ. ಬೈಬಲಿನ ಮೊದಲ ಪುಸ್ತಕ ಆದಿಕಾಂಡ, ಅದರ ಮೊದಲ ಅಧ್ಯಾಯ ತೆಗೆದು ನೋಡಿ. ದೇವರು ಆರು ದಿನಗಳಲ್ಲಿ ಎಲ್ಲವನ್ನೂ ಸೃಷ್ಟಿಸಿದ ಕಥೆ ಅಲ್ಲಿದೆ. ಸೂರ್ಯ ಬರುವುದು ನಾಲ್ಕನೇ ದಿನ. ಹಾಗಾದರೆ ಮೊದಲ ಮೂರು ದಿನ ಎಂಥ ದಿನ? ಇದು ಇವತ್ತಿನ ನಾಸ್ತಿಕರ ಕುಹಕ ಅಲ್ಲ. 430ರಲ್ಲಿ ತೀರಿಕೊಂಡ ಸಂತ ಅಗಸ್ಟಿನ್ ಈ ಪ್ರಶ್ನೆಯ ಜೊತೆ ವರ್ಷಗಟ್ಟಲೆ ಗುದ್ದಾಡಿದ್ದಾರೆ. ಇವು ನಮ್ಮ ನಿಮ್ಮ ದಿನಗಳಂಥವಲ್ಲ ಎಂಬ ಕಡೆಗೇ ಅವರು ವಾಲಿದ್ದು. ಅಷ್ಟೇ ಅಲ್ಲ, ಆಕಾಶ ಭೂಮಿಯ ವಿಷಯ ಚೆನ್ನಾಗಿ ಬಲ್ಲ ಪರಧರ್ಮದವರ ಮುಂದೆ ಕ್ರೈಸ್ತರು ಬೈಬಲ್ ಹಿಡಿದು ಅಸಂಬದ್ಧ ಮಾತಾಡಿದರೆ ನಾಚಿಕೆಗೇಡು ಎಂದೂ ಎಚ್ಚರಿಸಿದರು. ಆಗ ದೂರದರ್ಶಕವೂ ಇರಲಿಲ್ಲ.

ಸಂಡೇ ಸ್ಕೂಲಿನ ಟೀಚರನ್ನು ಬೈಯಲು ನನಗೆ ಮನಸ್ಸಿಲ್ಲ. ಯಾಕೆ ಎಂದು ಹೇಳುತ್ತೇನೆ. 1986ರಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, ‘ಸರ್, ರಾತ್ರಿ ಆಕಾಶ ಯಾಕೆ ಕಪ್ಪು?’ ಎಂದ. ‘ಸೂರ್ಯ ಇಲ್ಲವಲ್ಲ ಮಾರಾಯ, ಕೂತ್ಕೋ’ ಎಂದೆ. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಅವನು ಆಮೇಲೆ ಇಡೀ ವರ್ಷ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಷ್ಟೋ ಕಾಲದ ಮೇಲೆ ನನಗೆ ತಿಳಿಯಿತು. ಜರ್ಮನಿಯ ಓಲ್ಬರ್ಸ್ ಎಂಬ ಖಗೋಳ ವಿಜ್ಞಾನಿ 1823ರಲ್ಲಿ ಇದನ್ನೇ ಕೇಳಿದ್ದರು. ನಕ್ಷತ್ರಗಳು ಎಲ್ಲ ದಿಕ್ಕಿಗೂ ಕೊನೆಯಿಲ್ಲದೆ, ಅನಾದಿ ಕಾಲದಿಂದ ಇದ್ದರೆ ಎತ್ತ ನೋಡಿದರೂ ಒಂದಲ್ಲ ಒಂದು ನಕ್ಷತ್ರ ಕಾಣಬೇಕು, ರಾತ್ರಿಯೂ ಬೆಳ್ಳಗಿರಬೇಕು. ಕಪ್ಪಾಗಿದೆ ಎಂದರೆ ಎಲ್ಲಿಯೋ ಏನೋ ಶುರುವಾಗಿದೆ ಎಂದು ಅರ್ಥ. ಆ ಹುಡುಗನಿಗೆ ಇದನ್ನು ಹೇಳಲು ಈಗ ಅವನ ವಿಳಾಸ ನನ್ನ ಹತ್ತಿರ ಇಲ್ಲ.

ಮಗನನ್ನು ಒತ್ತಾಯ ಮಾಡಿ ಕಳಿಸಬೇಡಿ. ಟೀಚರನ್ನು ಒಂದು ಸಂಜೆ ಚಾಕ್ಕೆ ಕರೆಯಿರಿ. ಮಳೆಗಾಲ ಮುಗಿದು ದ್ವೀಪದ ಬೋಟು ಶುರುವಾದ ಮೇಲೆ ಮೂವರೂ ಹೋಗಿ ಬನ್ನಿ. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿಗೆ ಬಂದು ಮರಿಯಮ್ಮನ ಹೆಸರಿಟ್ಟ ಎಂದು ಊರಲ್ಲಿ ಹೇಳುತ್ತಾರೆ. ಅಷ್ಟು ಹಳೆಯ ಕಲ್ಲು ಐನೂರು ಚಿಲ್ಲರೆ ವರ್ಷದಿಂದ ಆ ಹೆಸರನ್ನು ಹೊತ್ತುಕೊಂಡು ಸುಮ್ಮನೆ ನಿಂತಿದೆ. ಕಲ್ಲಿಗೆ ಏನೂ ತೊಂದರೆ ಆಗಿಲ್ಲ, ಹೆಸರಿಗೂ ಆಗಿಲ್ಲ.

ಪ್ರಶ್ನೆ: ದೇವರಿದ್ದಾನೆ ಎಂದು ಲ್ಯಾಬಿನಲ್ಲಿ ತೋರಿಸಬಲ್ಲಿರಾ?
– ವಿಚಾರವಾದಿ, ಪುತ್ತೂರು

ಉತ್ತರ: ಇಲ್ಲ. ನಮ್ಮ ಪಿಯುಸಿ ಲ್ಯಾಬಿನಲ್ಲಿ ಲೋಲಕ ತೂಗಿಸಿ ಗುರುತ್ವದ ಬೆಲೆ 9.8 ತರಿಸುವುದೇ ದೊಡ್ಡ ಸಾಹಸ. ಫ್ಯಾನ್ ಗಾಳಿ ತಾಗಿ 11 ಬಂದದ್ದೂ ಉಂಟು. ಅಂಥ ಕಡೆ ದೇವರನ್ನು ಕರೆತಂದು ಏನು ಮಾಡಲಿ? ಇದ್ದಾನೆ ಎಂದು ತೋರಿಸುವ ಉಪಕರಣ ಅಲ್ಲಿಲ್ಲ, ಇಲ್ಲ ಎಂದು ತೋರಿಸುವುದೂ ಇಲ್ಲ. ವಿಚಾರವಾದಿ ಎಂದು ಸಹಿ ಹಾಕಿದ್ದೀರಿ. ನಾನೂ ವಿಚಾರ ಮಾಡುವವನೇ ಮಾರಾಯ್ರೇ, ಸಹಿ ಮಾತ್ರ ಬೇರೆ.

ಪ್ರಶ್ನೆ: ಅಮ್ಮನಿಗೆ 61 ವರ್ಷ. ಸ್ತನದ ಕ್ಯಾನ್ಸರ್. ಆರು ಕೀಮೋ ಹೇಳಿದ್ದಾರೆ, ಎರಡು ಆಗಿದೆ. ಒಂದು ಪ್ರಾರ್ಥನಾ ಕೂಟದವರು ಮನೆಗೆ ಬಂದು ‘ಔಷಧಿ ತಗೊಂಡರೆ ನಂಬಿಕೆ ಇಲ್ಲ ಎಂದೇ ಅರ್ಥ’ ಎಂದು ಹೇಳಿ ಹೋದರು. ಅಂದಿನಿಂದ ಅಮ್ಮ ಮೂರನೆಯದಕ್ಕೆ ಬರುವುದಿಲ್ಲ ಎನ್ನುತ್ತಿದ್ದಾರೆ.
– ಮಗಳು, ಮೂಲ್ಕಿ

ಉತ್ತರ: ಮಗಳೇ, ಈ ಪತ್ರಿಕೆ ಕೆಳಗಿಡು. ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಮೂರನೆಯದರ ತಾರೀಕು ಕೇಳು. ಆಮೇಲೆ ಓದು.

ಕೀಮೋವನ್ನು ಕಂತಿನಲ್ಲಿ ಕೊಡಲು ಕಾರಣ ಉಂಟು. ಒಂದೊಂದು ಸಲ ಕೊಟ್ಟಾಗಲೂ ರೋಗದ ಕೋಶಗಳಲ್ಲಿ ಒಂದು ಪಾಲು ಸಾಯುತ್ತದೆ, ಎಲ್ಲವೂ ಅಲ್ಲ. ನಡುವಿನ ಬಿಡುವು ಮೈಯ ಒಳ್ಳೆಯ ಕೋಶಗಳು ಚೇತರಿಸಿಕೊಳ್ಳಲಿ ಎಂದು. ಅರ್ಧಕ್ಕೆ ನಿಲ್ಲಿಸಿದರೆ ಆ ಬಿಡುವು ರೋಗಕ್ಕೆ ಲಾಭ. ಅಮ್ಮನಿಗೆ ವಾಂತಿ, ಸುಸ್ತು, ಕೂದಲು ಹೋದ ದುಃಖ ಇವೂ ಸೇರಿ ಬೇಡ ಎನಿಸಿರಬಹುದು. ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ವಾಂತಿಗೆ ಈಗ ಒಳ್ಳೆಯ ಮಾತ್ರೆಗಳಿವೆ.

ಇನ್ನು ಅಮ್ಮನಿಗೆ ಓದಿ ಹೇಳಲು. ಬೈಬಲಿನ ಅರಸರ ಎರಡನೆಯ ಪುಸ್ತಕ, 20ನೇ ಅಧ್ಯಾಯ. ರಾಜ ಹಿಜ್ಕೀಯ ಹುಣ್ಣಾಗಿ ಸಾಯುವ ಹಾಗಿದ್ದಾನೆ. ಗೋಡೆಯ ಕಡೆ ಮುಖ ಮಾಡಿ ಅಳುತ್ತಾ ಪ್ರಾರ್ಥನೆ ಮಾಡುತ್ತಾನೆ. ದೇವರು ಕೇಳಿದ್ದೇನೆ, ಗುಣ ಮಾಡುತ್ತೇನೆ, ಇನ್ನೂ ಹದಿನೈದು ವರ್ಷ ಕೊಡುತ್ತೇನೆ ಎನ್ನುತ್ತಾನೆ. ಮಾತು ಕೊಟ್ಟಾಯಿತು. ಆಮೇಲೆ ಪ್ರವಾದಿ ಯೆಶಾಯ ಏನು ಮಾಡಿಸುತ್ತಾನೆ ಗೊತ್ತಾ? ಅಂಜೂರದ ಹಣ್ಣಿನ ಪಟ್ಟು ತರಿಸಿ ಹುಣ್ಣಿಗೆ ಹಾಕಿಸುತ್ತಾನೆ. ದೇವರೇ ಗುಣ ಮಾಡುತ್ತೇನೆ ಎಂದ ಮೇಲೂ ಪಟ್ಟು ಬೇಕಾಯಿತು! ಸುವಾರ್ತೆ ಬರೆದ ಲೂಕನನ್ನು ಅಪೊಸ್ತಲ ಪೌಲ ‘ಪ್ರಿಯ ವೈದ್ಯ’ ಎಂದೇ ಕರೆದದ್ದು. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದು ಎಂಬ ಅಧ್ಯಾಯ ಸಿರಾಖನ ಪುಸ್ತಕದಲ್ಲಿ ಉಂಟು. ಅದು ನಮ್ಮ ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ಇಲ್ಲ. ಪಕ್ಕದ ಮನೆಯ ಕಥೋಲಿಕರ ಬೈಬಲ್ ಎರವಲು ತಂದು ಓದಿದೆ. ಇಷ್ಟು ಒಳ್ಳೆಯ ಅಧ್ಯಾಯವನ್ನು ನಾವು ಯಾಕೆ ಬಿಟ್ಟೆವೋ!

ನಮ್ಮ ಈ ಜಿಲ್ಲೆಗಳಲ್ಲಿ ನಂಬಿಕೆ ಔಷಧಿಪೆಟ್ಟಿಗೆಯ ಜೊತೆಗೇ ಓಡಾಡಿದ್ದು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆಲದ ಮರದ ಕೆಳಗೆ ಕೂತು ಔಷಧಿ ಕೊಡಲು ಶುರು ಮಾಡಿದರು. ಉಡುಪಿಯ ಮಿಶನ್ ಆಸ್ಪತ್ರೆಯನ್ನು 1923ರಲ್ಲಿ ಶುರು ಮಾಡಿದ್ದು ಇವಾ ಲೊಂಬಾರ್ಡ್ ಎಂಬ ಸ್ವಿಸ್ ಡಾಕ್ಟರಮ್ಮ. ಅವರ ನಂಬಿಕೆ ಕಮ್ಮಿ ಇತ್ತು ಎಂದು ಆ ಕೂಟದವರು ಹೇಳುತ್ತಾರಾ?

ನನ್ನ ಹೆಂಡತಿ 2011ರಲ್ಲಿ ಇದೇ ಕಾಯಿಲೆಯಲ್ಲಿ ಹೋದಳು. ಬರೆಯಬಾರದು ಎಂದುಕೊಂಡಿದ್ದೆ, ನಿನ್ನ ಪತ್ರ ಓದಿದ ಮೇಲೆ ಬರೆಯಬೇಕು ಅನಿಸಿತು. ಕೊನೆಯ ತಿಂಗಳಲ್ಲಿ ಒಬ್ಬ ಬೋಧಕರು ಬಂದರು. ದೀರ್ಘ ಪ್ರಾರ್ಥನೆ ಮಾಡಿ, ಎದ್ದು ಹೊರಡುವಾಗ ನನ್ನ ಪುಸ್ತಕದ ಕಪಾಟು ನೋಡಿ, ‘ಈ ಮನೆಯಲ್ಲಿ ಯಾರದ್ದೋ ನಂಬಿಕೆ ಕಮ್ಮಿ ಉಂಟು’ ಎಂದರು. ಅದೇ ವಾರ ಒಬ್ಬ ಡಾಕ್ಟರು, ‘ನೀವು ಫಿಸಿಕ್ಸ್ ಮಾಷ್ಟ್ರಲ್ವಾ, ಅಂಕಿ ಹೇಳಿದ್ರೆ ಅರ್ಥ ಆಗ್ತದೆ’ ಎಂದು ಶೇಕಡಾ ಲೆಕ್ಕ ಹೇಳಿ ಹೋದರು. ಮಂಚದ ಮೇಲಿದ್ದವಳ ಕಡೆ ತಿರುಗಿಯೂ ನೋಡಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಅವರಿಬ್ಬರಲ್ಲಿ ಧರ್ಮ ಯಾರು, ವಿಜ್ಞಾನ ಯಾರು ಎಂದು ನನಗೆ ವ್ಯತ್ಯಾಸವೇ ಕಾಣಲಿಲ್ಲ. ಇಬ್ಬರಿಗೂ ಎಲ್ಲ ಗೊತ್ತಿತ್ತು. ರಾತ್ರಿ ಪಾಳಿಯ ಒಬ್ಬ ನರ್ಸ್ ಹುಡುಗಿ ಮಾತ್ರ ಗಂಟೆಗೊಮ್ಮೆ ಬಂದು ಹತ್ತಿ ನೆನೆಸಿ ಅವಳ ತುಟಿ ಒರೆಸುತ್ತಿದ್ದಳು. ಏನನ್ನೂ ಹೇಳುತ್ತಿರಲಿಲ್ಲ.

ಪ್ರಾರ್ಥನೆ ಬಿಡಬೇಡಿ. ಕೀಮೋ ಬಾಟಲಿ ತೊಟ್ಟಿಕ್ಕುವಾಗ ಪಕ್ಕದಲ್ಲಿ ಕೂತು ಮಾಡಿ. ಸಾಕಷ್ಟು ಹೊತ್ತು ಸಿಗುತ್ತದೆ.

ಪ್ರಶ್ನೆ: ‘ಬಿಗ್ ಬ್ಯಾಂಗ್ ಕಂಡುಹಿಡಿದದ್ದು ಒಬ್ಬ ಪಾದ್ರಿ, ಆದ್ದರಿಂದ ಬೈಬಲ್ ನಿಜ ಎಂದು ವಿಜ್ಞಾನವೇ ಒಪ್ಪಿದೆ’ ಎಂಬ ವಾಟ್ಸಾಪ್ ಸಂದೇಶ ನಮ್ಮ ವಾರ್ಡಿನ ಗುಂಪಿನಲ್ಲಿ ಬಂದಿದೆ. ಬೇರೆಯವರಿಗೂ ಕಳಿಸಬಹುದಾ?
– ಗುರುಪುರದಿಂದ ಒಬ್ಬರು

ಉತ್ತರ: ಮೊದಲ ಅರ್ಧ ಕಳಿಸಿ. ಎರಡನೆಯ ಅರ್ಧವನ್ನು ಆ ಪಾದ್ರಿಯೇ ಒಪ್ಪುತ್ತಿರಲಿಲ್ಲ.

ಅವರು ಬೆಲ್ಜಿಯಂನ ಜಾರ್ಜ್ ಲಮೇತ್ರ್. ಮೊದಲ ಮಹಾಯುದ್ಧದಲ್ಲಿ ಸೈನಿಕ, ಆಮೇಲೆ ಗುರು, ಜೊತೆಗೇ ಗಣಿತಜ್ಞ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದರು. ಹೆಚ್ಚು ಜನ ಓದದ ಬೆಲ್ಜಿಯಂನ ಒಂದು ಪತ್ರಿಕೆಯಲ್ಲಿ, ಫ್ರೆಂಚ್ ಭಾಷೆಯಲ್ಲಿ ಅದು ಬಂತು. ಅದೇ ವರ್ಷ ಐನ್‌ಸ್ಟೈನ್ ಸಿಕ್ಕಿದಾಗ, ಲೆಕ್ಕವೇನೋ ಸರಿ, ಭೌತವಿಜ್ಞಾನ ಮಾತ್ರ ಒಪ್ಪುವಂಥದ್ದಲ್ಲ ಎಂಬ ಅರ್ಥದ ಮಾತಾಡಿ ಸಾಗಹಾಕಿದರು. ಆಮೇಲೆ ಐನ್‌ಸ್ಟೈನರೇ ಒಪ್ಪಬೇಕಾಯಿತು. 1931ರಲ್ಲಿ ಲಮೇತ್ರ್ ಇನ್ನೂ ಮುಂದೆ ಹೋಗಿ, ಎಲ್ಲವೂ ಒಂದು ಆದಿ ಅಣುವಿನಿಂದ ಶುರುವಾಗಿರಬೇಕು ಎಂದರು. ಇದಕ್ಕೆ ಬಿಗ್ ಬ್ಯಾಂಗ್, ಅಂದರೆ ಮಹಾಸ್ಫೋಟ, ಎಂದು ಹೆಸರಿಟ್ಟದ್ದು ಅದನ್ನು ನಂಬದ ಬ್ರಿಟಿಷ್ ಖಗೋಳ ವಿಜ್ಞಾನಿ ಫ್ರೆಡ್ ಹೋಯ್ಲ್, 1949ರಲ್ಲಿ, ರೇಡಿಯೋದಲ್ಲಿ ಮಾತಾಡುವಾಗ.

ಈಗ ಮುಖ್ಯ ಭಾಗ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಒಂದು ಭಾಷಣದಲ್ಲಿ, ಸೃಷ್ಟಿಗೆ ವಿಜ್ಞಾನವೇ ಸಾಕ್ಷಿ ಹೇಳುತ್ತಿದೆ ಎಂಬ ಅರ್ಥದ ಮಾತಾಡಿದರು. ಬೇರೆ ಯಾವ ಪಾದ್ರಿಯಾದರೂ ಎದೆಯುಬ್ಬಿಸಿ ನಡೆಯುತ್ತಿದ್ದರು. ಲಮೇತ್ರ್‌ಗೆ ಕಸಿವಿಸಿಯಾಯಿತು. ನನ್ನ ಸಿದ್ಧಾಂತ ನಾಳೆ ತಪ್ಪೆಂದು ಗೊತ್ತಾದರೆ ದೇವರೂ ತಪ್ಪಾಗಿಬಿಡುತ್ತಾನಾ ಎಂಬ ಚಿಂತೆ ಇರಬೇಕು. ಇದು ನನ್ನ ಊಹೆ. ಈ ಸಿದ್ಧಾಂತ ಧರ್ಮದ ಪ್ರಶ್ನೆಯಿಂದ ಪೂರ್ತಿ ಹೊರಗಿದೆ, ಆಸ್ತಿಕನೂ ನಾಸ್ತಿಕನೂ ಇದನ್ನು ಒಪ್ಪಬಹುದು ಎಂಬುದೇ ಅವರ ನಿಲುವು.

ಸಾಕ್ಷಿ ಸಿಕ್ಕಿದ್ದು 1964ರಲ್ಲಿ. ಅಮೆರಿಕದಲ್ಲಿ ಪೆನ್ಜಿಯಸ್ ಮತ್ತು ವಿಲ್ಸನ್ ಎಂಬ ಇಬ್ಬರ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ ಹೋಗದ ಒಂದು ಸದ್ದು ಸಿಕ್ಕಿತು. ಒಳಗೆ ಪಾರಿವಾಳದ ಹಿಕ್ಕೆ ಇತ್ತು, ಅದರಿಂದಲೋ ಎಂದು ತೊಳೆದರು. ಹೋಗಲಿಲ್ಲ. ಅದು ವಿಶ್ವದ ಆರಂಭದ ಬಿಸಿಯ ಉಳಿಕೆ. 1966ರ ಜೂನಿನಲ್ಲಿ ಲಮೇತ್ರ್ ತೀರಿಕೊಳ್ಳುವ ಕೆಲವೇ ದಿನ ಮೊದಲು ಈ ಸುದ್ದಿ ಅವರ ಹಾಸಿಗೆಗೆ ತಲುಪಿತು. ಅಷ್ಟು ಹೊತ್ತಿಗೆ ಮೂವತ್ತೈದು ವರ್ಷ ಕಾದಾಗಿತ್ತು. ನನ್ನ ಹಿಂದಿನ ಬೆಂಚಿನ ಹುಡುಗನಿಗೆ ಉತ್ತರವೂ ಇಲ್ಲೇ ಇದೆ. ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ. ಅದಕ್ಕಿಂತ ದೂರದ ಬೆಳಕು ನಮ್ಮ ತನಕ ಬರಲು ಇನ್ನೂ ಹೊತ್ತೇ ಸಾಕಾಗಿಲ್ಲ.

ಪ್ರಶ್ನೆ: ಮೊದಲ ಪತ್ರಿಕೆ ನಮ್ಮದು, ಮೊದಲ ಹಂಚು ನಮ್ಮದು, ನಿಘಂಟು ನಮ್ಮದು ಎಂದು ನಿಮ್ಮವರು ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ಗರ್ವ ಪಾಪ ಎನ್ನುವವರೂ ನೀವೇ. ಇದು ಹೇಗೆ?
– ನಿವೃತ್ತ ಬ್ಯಾಂಕ್ ನೌಕರ, ಕದ್ರಿ

ಉತ್ತರ: ಸರಿಯಾಗಿ ಹಿಡಿದಿರಿ ಸರ್. ನಾನೇ ಅಂಥ ಭಾಷಣ ಎರಡು ಸಲ ಮಾಡಿದ್ದೇನೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಇಳಿದದ್ದು, 1843ರ ಮಂಗಳೂರ ಸಮಾಚಾರ, 1865ರ ಹಂಚಿನ ಕಾರ್ಖಾನೆ, 1894ರ ಕಿಟ್ಟೆಲ್ ನಿಘಂಟು, ಇಷ್ಟನ್ನೂ ಉಸಿರು ತೆಗೆಯದೆ ಹೇಳಬಲ್ಲೆ. ಸುಳ್ಳು ಒಂದೂ ಇಲ್ಲ.

ಆದರೆ ಹೇಳುವಾಗ ಬಿಟ್ಟುಹೋಗುವುದು ಬಹಳ. ನಮ್ಮ ಹಿರಿಯರು ಮೂರ್ತೆಯವರು, ತೆಂಗು ತಾಳೆ ಹತ್ತಿ ಕಳ್ಳು ಇಳಿಸುವವರು. ಮತ ಬದಲಾದಾಗ ಕಳ್ಳಿನ ಕೆಲಸ ಬಿಡಬೇಕಾಯಿತು, ಊರಿನ ನಂಟೂ ಹರಿಯಿತು. ಹೊಟ್ಟೆಗೆ ಬೇಕಲ್ಲ. ಹೀಗೆ ಕೆಲಸ ಕಳೆದುಕೊಂಡವರಿಗೆಂದೇ ಮಿಶನ್ನಿನವರು ನೇಯ್ಗೆ, ಹಂಚು ಎಂದು ಶುರು ಮಾಡಿದ್ದು. ನನ್ನ ಅಪ್ಪನೂ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ನೇತ್ರಾವತಿಯ ದಡದ ಜೇಡಿ. ಸಂಜೆ ಮನೆಗೆ ಬಂದಾಗ ಉಗುರಿನ ಸಂದಿಯಲ್ಲಿ ಅದೇ ಬಣ್ಣ. ಹಳೆಯ ಹಂಚು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಮಣ್ಣು ಹೊತ್ತವರ ಹೆಸರು ಇರುವುದಿಲ್ಲ. ಕಿಟ್ಟೆಲ್ ನಿಘಂಟಿನ ಹಿಂದೆಯೂ ಊರಿನ ಪಂಡಿತರು ಇದ್ದರು. ನನ್ನ ಭಾಷಣದಲ್ಲಿ ಅವರು ಬಂದಿರಲಿಲ್ಲ.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದೇ ಪದ ಇಲ್ಲದ್ದು ಒಳ್ಳೆಯದಾಯಿತು. ಹೆಮ್ಮೆ ಬೇರೆ, ಜಂಬ ಬೇರೆ, ಸೊಕ್ಕು ಬೇರೆ. ಹೆಮ್ಮೆ ಹಳಗನ್ನಡದ ಪೆರ್ಮೆ, ಹಿರಿತನ. ಅಪ್ಪನ ಉಗುರಿನ ಬಗ್ಗೆ ನನಗಿರುವುದು ಅದು. ಜಂಬಕ್ಕೆ ಪಕ್ಕದಲ್ಲಿ ಇನ್ನೊಬ್ಬ ಬೇಕೇ ಬೇಕು. ಲೂಕನ ಸುವಾರ್ತೆಯ ಫರಿಸಾಯ, ಅಂದರೆ ಕಟ್ಟುನಿಟ್ಟಿನ ಧರ್ಮನಿಷ್ಠ ಯೆಹೂದಿ, ದೇವಾಲಯದಲ್ಲಿ ನಿಂತು, ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು ಎಂದು ಲೆಕ್ಕ ಒಪ್ಪಿಸುತ್ತಾನೆ. ಅವನ ಲೆಕ್ಕದಲ್ಲೂ ಸುಳ್ಳಿಲ್ಲ ನೋಡಿ. ಹಾಳಾದದ್ದು ಓರೆಗಣ್ಣಿನಲ್ಲಿ. ‘ಆ ಸುಂಕದವನ ಹಾಗೆ ನಾನಿಲ್ಲವಲ್ಲ’ ಎಂದ.

ವಿಜ್ಞಾನದ ಜಂಬವೂ ನನಗೆ ಗೊತ್ತು. 1973ರಲ್ಲಿ ಮೈಸೂರಿನಿಂದ ಎಂಎಸ್ಸಿ ಮುಗಿಸಿ ಬಂದ ವಾರ. ಸಂಜೆ ಗುಡುಗಿತು. ಅಮ್ಮ ‘ಕರ್ತನೇ’ ಎಂದರು. ನಾನು ಚಾವಡಿಯಲ್ಲಿ ಕೂತು ಮೋಡದಲ್ಲಿ ವಿದ್ಯುದಂಶ ಹೇಗೆ ಬೇರೆಯಾಗುತ್ತದೆ, ಗಾಳಿ ಹೇಗೆ ಕಾದು ಸಿಡಿಯುತ್ತದೆ ಎಂದು ಹತ್ತು ನಿಮಿಷ ಪಾಠ ಮಾಡಿದೆ. ಅಮ್ಮ ಪೂರ್ತಿ ಕೇಳಿದರು. ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ, ‘ಇಷ್ಟೆಲ್ಲ ಗೊತ್ತುಂಟಲ್ಲ ಮಗಾ, ಹೊರಗಿನ ಸೌದೆ ಒಳಗೆ ತಂದಿದ್ದೀಯಾ?’ ಎಂದರು.

ತಂದಿರಲಿಲ್ಲ. ಎರಡು ದಿನ ಒಲೆ ಹೊಗೆಯಾಡಿತು.

ಪ್ರಶ್ನೆ: ಸರ್, ನಾನು ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಎಐ ಎಂದರೆ ಇನ್ನೊಂದು ಬಾಬೆಲ್ ಗೋಪುರ, ದೇವರ ಕೋಪಕ್ಕೆ ಗುರಿಯಾಗುತ್ತೇವೆ ಎಂದು ನಮ್ಮ ಪಾಸ್ಟರ್ ಹೇಳುತ್ತಾರೆ. ನಾನು ಅದನ್ನೇ ಓದುತ್ತಿರುವುದು!

ಉತ್ತರ: ಓದು. ಆದಿಕಾಂಡ 11ನ್ನೂ ಒಮ್ಮೆ ನಿಧಾನವಾಗಿ ಓದು. ಜನರೆಲ್ಲ ಸೇರಿ ಆಕಾಶ ಮುಟ್ಟುವ ಗೋಪುರ ಕಟ್ಟಲು ಹೊರಟು, ದೇವರು ಅವರ ಭಾಷೆ ಕಲಸಿ ಚದುರಿಸಿದ ಕಥೆ ಅದು. ಹಂಚಿನವನ ಮಗನಾದ ನನಗೆ ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಇಟ್ಟಿಗೆ. ಕಲ್ಲಿಗೆ ಬದಲು ಸುಟ್ಟ ಇಟ್ಟಿಗೆ, ಗಾರೆಗೆ ಬದಲು ಡಾಂಬರಿನಂಥ ಅಂಟು ಬಳಸಿದರು ಎಂದು ಬರೆದಿದೆ. ಆ ಕಾಲದ ಹೊಸ ತಂತ್ರಜ್ಞಾನ ಅದು. ದೇವರು ಇಟ್ಟಿಗೆಯನ್ನು ಬೈದದ್ದು ಎಲ್ಲಿಯೂ ಇಲ್ಲ. ‘ನಾವು ಹೆಸರು ಮಾಡಿಕೊಳ್ಳೋಣ’ ಎಂಬ ಮಾತು ಬಂದಲ್ಲಿ ಕಥೆ ತಿರುಗುತ್ತದೆ.

ಅಪ್ಪ ಭಟ್ಟಿಯಿಂದ ಬಂದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಟಣ್ ಎಂದರೆ ಮನೆಯ ಮೇಲೆ, ಬೊದ್ದು ಸದ್ದು ಬಂದರೆ ಹೊರಗೆ. ನನ್ನ ಮೊಮ್ಮಗ ಎಐ ಹತ್ತಿರ ನಮ್ಮ ಜೆಪ್ಪುವಿನ ಬಗ್ಗೆ ಕೇಳಿದ. ಇಲ್ಲದ ಒಂದು ಬೀದಿಯ ಹೆಸರನ್ನು ಎಷ್ಟು ಧೈರ್ಯವಾಗಿ ಹೇಳಿತು ಅಂತೀಯಾ! ‘ಸುಮಾರು’ ಎಂಬ ಪದ ಅದಕ್ಕೆ ಕಲಿಸುವುದು ನಿಮ್ಮ ಕೆಲಸ. ತಟ್ಟಿ ನೋಡುವುದನ್ನು ನೀನು ಬಿಡಬೇಡ.

ಪ್ರಶ್ನೆ: ನನಗೆ 78. ಮಗ ಕೆನಡಾ, ಮಗಳು ದುಬೈ. ಮೊಂತಿ ಹಬ್ಬದ (ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ತೆನೆಯ ಹಬ್ಬ) ದಿನ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ತೆನೆ ತಂದು ಒಬ್ಬಳೇ ಪಾಯಸ ಮಾಡುತ್ತೇನೆ. ನಾಲ್ಕು ಕಾಳು ಕವರಿನಲ್ಲಿ ಹಾಕಿ ಮಕ್ಕಳಿಗೆ ಕಳಿಸುತ್ತೇನೆ. ಅವರು ತಿನ್ನುತ್ತಾರೋ ಬಿಸಾಡುತ್ತಾರೋ ಗೊತ್ತಿಲ್ಲ. 2025 ಭರವಸೆಯ ಜುಬಿಲಿ ವರ್ಷ ಎಂದು ಪೋಪ್ ಫ್ರಾನ್ಸಿಸ್ ಹೇಳಿದ್ದರು. ನಂಬಿಕೆ ನನಗೆ ಇದೆ ಮಾಷ್ಟ್ರೇ. ಈ ವಯಸ್ಸಿನಲ್ಲಿ ಭರವಸೆ ಎಂದರೆ ಎಂತ?
– ಕಲ್ಯಾಣಪುರ

ಉತ್ತರ: ಅಕ್ಕಾ, ನಿಮ್ಮದು ಒದ್ದೆಯಾದ ಕವರುಗಳಲ್ಲಿ ಒಂದು. ‘ಬಿಸಾಡುತ್ತಾರೋ’ ಎಂಬ ಪದ ಓದಲು ಬಹಳ ಹೊತ್ತು ಬೇಕಾಯಿತು.

ನಮ್ಮ ಹಳೆಯ ಬೈಬಲಿನಲ್ಲಿ ಇದಕ್ಕೆ ಪದ ಭರವಸೆ ಅಲ್ಲ, ನಿರೀಕ್ಷೆ. ನಂಬಿಕೆ, ನಿರೀಕ್ಷೆ, ಪ್ರೀತಿ, ಈ ಮೂರು. ಚಿಕ್ಕವನಿದ್ದಾಗ ನನಗೆ ಇದು ವಿಚಿತ್ರ ಅನಿಸುತ್ತಿತ್ತು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ನಿರೀಕ್ಷೆಯಲ್ಲಿ ನಿಲ್ಲುವುದೂ ಅದೇ ಪದ, ಸ್ವರ್ಗಕ್ಕೂ ಅದೇ ಪದವಾ ಅಂತ. ಈಗ ಆ ಪದವೇ ಸರಿ ಎನಿಸುತ್ತದೆ. ಎಲ್ಲ ಒಳ್ಳೆಯದಾಗುತ್ತದೆ ಎಂದು ಅಂದುಕೊಳ್ಳುವುದಲ್ಲ ಅದು. ಅದಕ್ಕೆ ಹವಾಮಾನ ಇಲಾಖೆ ಸಾಕು. ನಿರೀಕ್ಷೆ ಎಂದರೆ ರಸ್ತೆಯ ಕಡೆ ನೋಡುತ್ತಾ ನಿಲ್ಲುವುದು. ಕಣ್ಣಿಗೆ ಕಂಡದ್ದನ್ನು ಯಾರು ನಿರೀಕ್ಷಿಸುತ್ತಾರೆ ಎಂದು ಪೌಲ ರೋಮಾಪುರದವರಿಗೆ ಕೇಳುತ್ತಾನೆ.

ನಿಮ್ಮ ಹಬ್ಬವನ್ನೇ ನೋಡಿ. ಸೆಪ್ಟೆಂಬರ್ 8ಕ್ಕೆ ಗದ್ದೆಯಲ್ಲಿ ಕೊಯ್ಲು ಆಗಿರುವುದಿಲ್ಲ. ಕಾಳು ಇನ್ನೂ ಹಾಲು ಕಟ್ಟುತ್ತಿರುತ್ತದೆ. ಮಳೆ ಜಾಸ್ತಿಯಾಗಬಹುದು, ಹುಳ ಬೀಳಬಹುದು, ಪೈರು ಮಲಗಬಹುದು. ಆದರೂ ಮಕ್ಕಳು ಹೂ ಎರಚುತ್ತಾರೆ, ತೆನೆ ಮನೆಗೆ ಬರುತ್ತದೆ. ಕಣಜ ತುಂಬಿದ ಮೇಲೆ ಮಾಡುವ ಹಬ್ಬ ಅದಲ್ಲವಲ್ಲ.

ಮಕ್ಕಳು ಕಾಳು ತಿನ್ನುತ್ತಾರಾ ಎಂದು ನನಗೆ ಹೇಗೆ ಗೊತ್ತಿರಬೇಕು? ಫೋನ್ ಮಾಡಿ ಕೇಳಿಬಿಡಿ. ಕೇಳಲು ನಾಚಿಕೆಯಾದರೆ, ಹೋದ ಸಲದ ಕಾಳು ಹುಳುಕಾಗಿತ್ತಾ ಎಂದು ಕೇಳಿ, ತಾನಾಗಿ ಬಾಯಿಬಿಡುತ್ತಾರೆ.

ಇನ್ನೊಂದು ಮಾತು. ಮೊಂತಿ ಹಬ್ಬದ ಊಟ ಬರೀ ತರಕಾರಿ ಎಂದು ಗೊತ್ತು. ನನಗೆ ಈಗ ಡಾಕ್ಟರು ಹೇಳಿರುವುದೂ ಅದೇ. ಮಗಳು ಮೊಮ್ಮಗ ಬೆಂಗಳೂರಿಗೆ ವಾಪಸಾಗುತ್ತಾರೆ, ಹಬ್ಬದ ದಿನ ನಾನೂ ಒಬ್ಬನೇ. ಸಂತೆಕಟ್ಟೆಯಲ್ಲಿ ಬಸ್ಸಿಳಿದರೆ ನಿಮ್ಮ ಮನೆ ಹತ್ತಿರವಾ? ಪ್ರೊಟೆಸ್ಟೆಂಟರಿಗೂ ತೆನೆ ಪಾಯಸ ಕೊಡುತ್ತೀರಾದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು ಹಾಕಿ, ಮಳೆ ಇನ್ನೂ ಬಿಟ್ಟಿಲ್ಲ.